ವ್ಯಾನಪ್ರಸ್ಥ

ತಪ್ಪೆಲ್ಲ ಒಂದು ಗುಂಡಿಯದು. ರಾಮಕೃಷ್ಣನಗರದ ಅಶ್ವತ್ಥ ತನ್ನ ವ್ಯಾನಿನ ಇನ್ವರ್ಟರ್ ಮುಂದೆ ಮಂಡಿಯೂರಿ 'ಸೆಟ್ಟಿಂಗ್' ಎಂಬ ಗುಂಡಿ ಒತ್ತಿದ. ಅದು ಕುಂಯ್ ಎಂದಿತು. ಎದುರು ಮನೆಯ ಕರಿಬಸವಯ್ಯನವರು ಗೇಟು ದಾಟಿ ಬರಲು ಅಷ್ಟು ಸದ್ದು ಸಾಕಾಯಿತು.

ಹಳೇ ಸ್ಕೂಲ್ ವ್ಯಾನಿಗೆ ಮಂಚ, ಸಿಂಕು, ಪುಟಾಣಿ ಫ್ರಿಜ್ಜು, ನೆತ್ತಿಯ ಮೇಲೆ ಸೋಲಾರ್ ಹಲಗೆ ಕೂರಿಸಿ ಅಶ್ವತ್ಥ ಓಡಾಡುವ ಮನೆ ಮಾಡಿದ್ದ. ಆರು ತಿಂಗಳಾದರೂ ಅದು ಗೇಟು ಬಿಟ್ಟು ಅಲ್ಲಾಡದ ಕಾರಣ ಬೀದಿಯವರು 'ವ್ಯಾನಪ್ರಸ್ಥಾಶ್ರಮ' ಎಂದು ನಾಮಕರಣ ಮಾಡಿದ್ದರು. ಹೆಂಡತಿ ವಾಣಿ ಆ ಬೆಳಿಗ್ಗೆ ಕೊನೇ ಮಾತು ಹೇಳಿದ್ದಳು: "ಇವತ್ತು ಬರೀ ಬ್ಯಾಟರೀಲಿ ನಾಲ್ಕು ಗಂಟೆ ಫ್ರಿಜ್ ಓಡ್ಸಿ ತೋರ್ಸಿ. ಓಡ್ತೋ, ನಾಳೆ ಅಮ್ಮನ್ನೂ ಕರ್ಕೊಂಡು ಮೂವರೂ ಇದರಲ್ಲೇ ಮಡಿಕೇರಿಗೆ. ಇಲ್ವೋ, ನಾಳೇನೇ ಗುಜರಿಗೆ."

ಕರಿಬಸವಯ್ಯನವರ ಮನೆಯಲ್ಲಿ ಹದಿನೈದು ವರ್ಷದಿಂದ ಇನ್ವರ್ಟರ್ ಇತ್ತು. ಹಾಗಾಗಿ ಅವರು ಇನ್ವರ್ಟರ್ ಪಂಡಿತರು. ಕೈಯಲ್ಲಿ ಡಿಸ್ಟಿಲ್ಡ್ ವಾಟರ್ ಕ್ಯಾನು.

"ಬ್ಯಾಟರಿಗೆ ನೀರು ಹಾಕಿದ್ದೀರೇನ್ರೀ?"

"ಸಾರ್, ಇದು ಲಿಥಿಯಂ. ನೀರು ಹಾಕೋ ಹಾಗಿಲ್ಲ."

"ನೀರೂ ಬೇಡ್ವಾ? ಏಕಾದಶಿ ಬ್ಯಾಟರಿಯೇನ್ರೀ ಇದು?"

ಹಸುವಿನ ಮೈಯಲ್ಲಿ ಉಣ್ಣೆ ಹುಡುಕುವವರಂತೆ ಬ್ಯಾಟರಿಯನ್ನೆಲ್ಲ ತಡವಿದರು. ನೀರು ಹೊಯ್ಯುವ ಮುಚ್ಚಳ ಸಿಗಲಿಲ್ಲ. ಆ ಸಿಟ್ಟಿಗೆ ಇನ್ವರ್ಟರಿಗೆ ಕೈ ಹಾಕಿದರು. "ಎಷ್ಟು ವೋಲ್ಟಿಗೆ ಇಳಿದ್ರೆ ಕಟ್ ಆಗ್ಬೇಕು ಅಂತ ಇದೆಯಲ್ಲ, ಅದನ್ನ ಮೇಲಕ್ಕೆ ಏರ್ಸಿ. ಬಾಳಿಕೆ ಬರುತ್ತೆ."

ಏರಿಸಿಯೇ ಬಿಟ್ಟರು. ಫ್ರಿಜ್ಜು ಗುರ್ ಎನ್ನುವಷ್ಟರಲ್ಲಿ ಬ್ಯಾಟರಿ ಖಾಲಿಯೆಂದು ಹೆದರಿದ ಇನ್ವರ್ಟರ್ 'ಪೀಂ ಪೀಂ' ಎಂದು ಚೀರಿ, ಊಟದ ಹೊತ್ತಿನ ಸರ್ಕಾರಿ ಕಚೇರಿಯ ಕಿಟಕಿಯಂತೆ ಮುಚ್ಚಿಕೊಂಡಿತು.

"ನೋಡಿ, ಬ್ಯಾಟರಿ ಎಷ್ಟು ಜೋಪಾನವಾಗಿದೆ!" ಎಂದರು ಕರಿಬಸವಯ್ಯ.

'ಪೀಂ' ಕೇಳಿ ಬೀದಿಯ ಸಂಘದ ಅಧ್ಯಕ್ಷ ಮಹದೇವಸ್ವಾಮಿ ದಯಮಾಡಿಸಿದರು. "ಕರಿಬಸಣ್ಣ, ನಿಮ್ದು ಹಳೇ ಕಾಲದ್ದು ಬುಡಿ. ಚಾರ್ಜ್ ಆಗೋ ಆಂಪ್ಸ್ ಪೂರ್ತಿ ಏರ್ಸ್ಬೇಕು. ನನ್ ಮೊಬೈಲು ಅರ್ಧ ಗಂಟೇಲಿ ಫುಲ್ಲಾಗಲ್ವಾ?"

ಅವರೂ ಒತ್ತಿದರು. ಕೊನೇ ಪಂಕ್ತಿಯಲ್ಲಿ ಕೂತ ಮದುವೆಮನೆ ನೆಂಟನಂತೆ ಚಾರ್ಜರು ಮನೆಯಿಂದ ವ್ಯಾನಿಗೆ ಎಳೆದಿದ್ದ ವೈರಿನಲ್ಲಿ ಕರೆಂಟನ್ನೆಲ್ಲ ಬಾಚಿತು. ಟಪ್! ಮನೆಯ ಎಂಸಿಬಿ ಸ್ವಿಚ್ಚು ಬಿತ್ತು. ಗ್ರೈಂಡರಿನಲ್ಲಿ ದೋಸೆ ಹಿಟ್ಟು ಅರ್ಧಕ್ಕೇ ನಿಂತಿತು.

"ಗುಜರಿಯವನ ನಂಬರ್ ಹುಡುಕ್ತಿದೀನಿ ಕಣ್ರೀ!" ಅಡುಗೆಮನೆಯಿಂದ ವಾಣಿ.

ಅಶ್ವತ್ಥನಿಗೆ ರೋಷ ಬಂತು. ಇಬ್ಬರನ್ನೂ ಕಾಫಿಯ ನೆಪದಲ್ಲಿ ಮನೆಯೊಳಗೆ ಸಾಗಹಾಕಿ, ವ್ಯಾನಿಗೆ ಚಿಲಕ ಹಾಕಿಕೊಂಡು, ಇರುವೆ ಸಾಲಿನಂಥ ಅಕ್ಷರದ ಮ್ಯಾನ್ಯುಯಲ್ ಬಿಡಿಸಿದ. ಯಂತ್ರ ಮೊದಲು ಬ್ಯಾಟರಿಯ ಜಾತಿ ಕೇಳಿತು. ಈ ಊರಲ್ಲಿ ಬಾಡಿಗೆ ಮನೆಗೆ ಹೋದರೂ ಅದೇ ಮೊದಲ ಪ್ರಶ್ನೆ, ಅಶ್ವತ್ಥನಿಗೆ ಆಶ್ಚರ್ಯವಾಗಲಿಲ್ಲ. 'ಲಿಥಿಯಂ' ಎಂದು ಒತ್ತಿದ. ಆಂಪ್ಸನ್ನು ಮನೆಯ ವೈರು ತಾಳುವಷ್ಟಕ್ಕೆ ಇಳಿಸಿದ. ಕಟ್ ಆಗುವ ವೋಲ್ಟನ್ನು ಪುಸ್ತಕ ಹೇಳಿದಲ್ಲಿಗೆ ತಂದ. ಮಧ್ಯಾಹ್ನ ಒಂದು ಗಂಟೆಗೆ, ಇನ್ನು ಬರೀ ಬ್ಯಾಟರಿಯೇ ಗತಿ ಎಂದು ಮನೆಯ ವೈರು ಕಿತ್ತ. ಫ್ರಿಜ್ಜು ಹಾಡತೊಡಗಿತು.

ಒಂದೂಕಾಲಿಗೆ ಢಂ! ಬೀದಿಯ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಯಿತು. ಕರಿಬಸವಯ್ಯನವರ ನೀರು ಕುಡಿದ ಬ್ಯಾಟರಿ ಇಪ್ಪತ್ತು ನಿಮಿಷಕ್ಕೆ ಮಲಗಿತು. "ಒಂದೇ ಒಂದು ಫ್ಯಾನು ಕಣ್ರೀ" ಎಂದು ಅವರ ಮನೆಯಿಂದ ವೈರು ಬಂತು. ಆಮೇಲೆ ಒಂದು ಮಿಕ್ಸಿ, ಎರಡು ಟೀವಿ, ಹನ್ನೊಂದು ಮೊಬೈಲು. ಐದು ಗಂಟೆಗೆ ವ್ಯಾನು ಐಸಿಯುನಲ್ಲಿರುವ ರೋಗಿಯಂತೆ ಮೈತುಂಬ ವೈರು ಚುಚ್ಚಿಸಿಕೊಂಡಿತ್ತು. ಆದರೂ ವಾಣಿ ಫ್ರಿಜ್ಜು ತೆರೆದರೆ ಐಸು ಕಲ್ಲಿನಂತಿತ್ತು.

"ಗೆದ್ಬುಟ್ರಿ ಕಣ್ರೀ!"

ಅಶ್ವತ್ಥ ಎದೆ ಉಬ್ಬಿಸುವಷ್ಟರಲ್ಲಿ ಮಹದೇವಸ್ವಾಮಿ ಗಂಟಲು ಸರಿಮಾಡಿದರು. "ಹೊಸ ಟ್ರಾನ್ಸ್‌ಫಾರ್ಮರ್ ಬರೋದು ನಾಡಿದ್ದಂತೆ. ವ್ಯಾನು ಅಲ್ಲಾಡೋ ಹಾಗಿಲ್ಲ ಅಂತ ಸಂಘ ತೀರ್ಮಾನ ಮಾಡ್ಬುಟ್ಟಿದೆ." ನಾಲ್ಕೂ ಚಕ್ರಕ್ಕೆ ಕಲ್ಲು ಕೊಟ್ಟಾಗಿತ್ತು.

ಅಶ್ವತ್ಥ ದಿಕ್ಕೆಟ್ಟು ಹೆಂಡತಿಯತ್ತ ತಿರುಗಿದ. "ಹಾಗಾದ್ರೆ ಮಡಿಕೇರಿ?"

"ಹೋಗೋದೇ! ಬೆಳಿಗ್ಗೆ ಆರರ ಬಸ್ಸಿಗೆ ಮೂರು ಸೀಟು ಬುಕ್ ಮಾಡ್ಬುಟ್ಟೆ."

ಬಸ್ಸಾದರೆ ಬಸ್ಸು, ಈ ಬೀದಿ ಬಿಟ್ಟರೆ ಸಾಕು ಎಂದು ಅಶ್ವತ್ಥ ಉಸಿರು ಬಿಟ್ಟ. "ನನಗೆ ಕಿಟಕಿ ಪಕ್ಕ ಸಿಕ್ಕಿದೆ ತಾನೇ?"

"ನಿಮಗೆಲ್ರೀ ಸೀಟು? ನಾನು, ಅಮ್ಮ, ಕರಿಬಸವಯ್ಯನವರ ಮನೆಯವ್ರು. ನೀವೂ ಬಂದ್ಬುಟ್ರೆ ಇಲ್ಲಿ ಸೆಟ್ಟಿಂಗ್ ಯಾರು ನೋಡ್ಕೊಳ್ಳೋದು?"