ಅಮ್ಮನ ಕೋಟಿನ ತೂತು ಜೇಬು

ಕ್ರಿಸ್‌ಮಸ್ಸಿಗೆ ಇನ್ನೊಂದೇ ದಿನ ಉಳಿದಿದೆ ಎಂಬುದು 'ನಾಳೆ ಮಾಸ್ಟರು' ಎಂದೇ ಹೆಸರಾದವನಿಗೆ ಗೊತ್ತಾದದ್ದು ಕ್ಯಾಲೆಂಡರಿನಿಂದಲ್ಲ, ಬೆಳಿಗ್ಗೆ ಎಂಟಕ್ಕೇ ಬಂದ ಅಕ್ಕನ ಫೋನಿನಿಂದ.

"ಅಮ್ಮನಿಗೆ ಈ ಸಲ ಏನು ಕೊಡ್ತಿದ್ದೀಯೋ? ಹೋದ ವರ್ಷದ ಹಾಗೆ ಕಾಲು ಒತ್ತೋ ಯಂತ್ರ ಗಿಂತ್ರ ತಂದುಬಿಟ್ಟೀಯ, ಬೀರುವಿನಲ್ಲಿ ಜಾಗ ಇಲ್ಲ. ಸ್ವಲ್ಪ ಯೋಚನೆ ಮಾಡಿ ತಾ."

ಮಾಸ್ಟರು ದರ್ಜಿ. ಅವನ ನಿಜವಾದ ಹೆಸರು ಅಂಗಡಿಯ ಬೋರ್ಡಿನ ಮೇಲಿತ್ತು, ಆದರೆ ಬಣ್ಣ ಹಾರಿ ಓದಲು ಬರುತ್ತಿರಲಿಲ್ಲ. ಹೊಸದಾಗಿ ಬರೆಸಲು ಪೇಂಟರಿಗೆ ನಾಳೆ ಹೇಳಬೇಕು ಎಂದುಕೊಂಡು ಆರು ವರ್ಷವಾಗಿತ್ತು. ಬಟ್ಟೆ ಕೇಳಲು ಬಂದವರಿಗೆಲ್ಲ ಅವನದು ಒಂದೇ ಉತ್ತರ, "ನಾಳೆ ಬನ್ನಿ." ಹಾಗಾಗಿ ಬೀದಿಯವರು ಇಟ್ಟ ಹೆಸರು ನಾಳೆ ಮಾಸ್ಟರು. ಮದುವೆಯನ್ನೂ ಅವನು ಹೀಗೇ ಮುಂದೂಡುತ್ತಾ ಬಂದು ಐವತ್ತೆರಡಕ್ಕೆ ಮುಟ್ಟಿದ್ದ.

ಅಮ್ಮನಿಗೆ ಅವನು ಉಡುಗೊರೆ ಕೊಡದ ವರ್ಷವೇ ಇಲ್ಲ. ರೇಡಿಯೋ, ಬಿಸಿನೀರಿನ ಚೀಲ, ಓದುವ ದೀಪ, ಕೊನೆಗೆ ಆ ಕಾಲು ಒತ್ತುವ ಯಂತ್ರ. ಅಮ್ಮ ಪ್ರತಿ ಸಲ "ಚೆನ್ನಾಗಿದೆಯಪ್ಪಾ" ಎಂದು ತಲೆ ಸವರಿ, ಡಬ್ಬಿಯ ಸಮೇತ ಬೀರುವಿಗೆ ಸೇರಿಸುತ್ತಿದ್ದಳು. ಎಪ್ಪತ್ತೆಂಟು ದಾಟಿದ ಅಮ್ಮ ತಾನು ಕೊಟ್ಟದ್ದೊಂದನ್ನಾದರೂ ಬಳಸುವುದನ್ನು ಕಣ್ಣಾರೆ ನೋಡಬೇಕು ಎನ್ನುವುದು ಅವನ ಆಸೆ. ಈ ವಿಷಯದಲ್ಲಿ ಅವನಿಗೆ ನಿಜವಾಗಿಯೂ ಸಂಕಟವಿತ್ತು.

ಅಂದು ಬೆಳಿಗ್ಗೆ ಹಲ್ಲುಜ್ಜುತ್ತಿರುವಾಗ ಥಟ್ಟನೆ ಹೊಳೆಯಿತು. ಕೋಟು! ಅಮ್ಮ ಹತ್ತು ವರ್ಷದಿಂದ ಒಂದೇ ಕಂದು ಕೋಟು ತೊಡುತ್ತಿದ್ದಾಳೆ. ಮಗ ದರ್ಜಿ, ಆದರೂ ಒಂದು ಹೊಸ ಕೋಟು ಹೊಲಿದು ಕೊಟ್ಟಿಲ್ಲ. ಒಳ್ಳೆಯ ಉಣ್ಣೆಯ ಬಟ್ಟೆ ಅಂಗಡಿಯಲ್ಲೇ ಇತ್ತು. ಒಂದು ದಿನದಲ್ಲಿ ಕೋಟು ಹೊಲಿಯುವುದು ಯಾವ ದರ್ಜಿಗೂ ಕಷ್ಟ, ನಾಳೆ ಮಾಸ್ಟರಿಗಂತೂ ಒಂದು ಗುಂಡಿ ಹೊಲಿಯಲು ಒಂದು ವಾರ ಬೇಕು. ಆದರೆ ಹುಮ್ಮಸ್ಸು ಬಂದ ಮನುಷ್ಯನಿಗೆ ಇಂಥ ಲೆಕ್ಕ ಯಾರು ಹೇಳಬೇಕು?

ಒಂದೇ ತೊಡಕು ಅಳತೆಯದು. ಮಾಸ್ಟರು ಟೇಪನ್ನು ಕೊರಳಿಗೆ ಹಾಕಿಕೊಳ್ಳುತ್ತಿದ್ದದ್ದು ಬರೀ ಶೋಕಿಗೆ. ಮೈಗೆ ಒಗ್ಗಿದ ಹಳೆಯ ಬಟ್ಟೆಯನ್ನು ಹೊಲಿಗೆ ಬಿಚ್ಚಿ ಹಾಸಿ, ಆ ತುಂಡುಗಳ ಮೇಲೇ ಹೊಸದನ್ನು ಕತ್ತರಿಸಿದರೆ ಮಾತ್ರ ಅವನಿಗೆ ಸಮಾಧಾನ. ಅಂದರೆ ಅಮ್ಮನ ಕೋಟೇ ಬೇಕು, ಅದೂ ಅಮ್ಮನಿಗೆ ತಿಳಿಯದ ಹಾಗೆ.

ಅಮ್ಮ ಇದ್ದದ್ದು ಎರಡು ಬೀದಿ ಆಚೆ, ಅಕ್ಕನ ಮನೆಯಲ್ಲಿ. ಅಕ್ಕ ನಿವೃತ್ತ ಮುಖ್ಯೋಪಾಧ್ಯಾಯಿನಿ. ಮೂವತ್ತು ವರ್ಷ ಮಕ್ಕಳ ಜೇಬು ತಪಾಸಣೆ ಮಾಡಿದ ಕೈ ಅದು, ನಿವೃತ್ತಿಯ ನಂತರ ಸುಮ್ಮನಿರಲಾಗದೆ ಅಮ್ಮನ ಜೇಬಿಗೆ ಇಳಿದಿತ್ತು. ನಾಲ್ಕು ವರ್ಷದ ಹಿಂದೆ "ಸಿಹಿ ಸ್ವಲ್ಪ ಕಡಿಮೆ ಮಾಡಿ" ಎಂದು ಡಾಕ್ಟರು ಹೇಳಿದ್ದೇ ತಡ, ಅಕ್ಕ ಸಕ್ಕರೆ ಡಬ್ಬಿಗೆ ಬೀಗ ಹಾಕಿ, ಅಮ್ಮ ಹೊರಗೆ ಹೋಗಿ ಬಂದಾಗಲೆಲ್ಲ ಬಾಗಿಲಲ್ಲೇ ಜೇಬು ನೋಡುತ್ತಿದ್ದಳು.

ಒಂಬತ್ತು ಗಂಟೆಗೆ ಮಾಸ್ಟರು ಅಲ್ಲಿಗೆ ಹೋದ. ಅಮ್ಮ ಸ್ನಾನಕ್ಕೆ ಹೋಗಿದ್ದಳು, ಅಕ್ಕ ಟೀ ಮಾಡಲು ಒಳಗೆ ಹೋದಳು. ಗೋಡೆಯ ಮೊಳೆಯಿಂದ ಕೋಟು ಇಳಿಸಿ ಚೀಲಕ್ಕೆ ತುರುಕಿ, ಬಿಸಿ ಟೀಯನ್ನು ಒಂದೇ ಗುಟುಕಿಗೆ ಕುಡಿದು ನಾಲಿಗೆ ಸುಟ್ಟುಕೊಂಡು ಓಡಿಬಂದ.

ಹತ್ತೂವರೆಯ ಹೊತ್ತಿಗೆ ಕೋಟು ಮೇಜಿನ ಮೇಲೆ ಹದಿನಾಲ್ಕು ತುಂಡಾಗಿ ಮಲಗಿತ್ತು. ಲೈನಿಂಗ್ ಬಿಚ್ಚುವಾಗ ಪಟಪಟನೆ ಏನೋ ಉದುರಿತು. ನೋಡಿದರೆ ಹನ್ನೆರಡು ಟಾಫಿ. ಬಲಗಡೆಯ ಜೇಬಿನ ತಳದಲ್ಲಿ ಮೂರು ಬೆರಳು ಹಿಡಿಸುವಷ್ಟು ತೂತಿತ್ತು. ಅದರಿಂದ ಜಾರಿ ಎಲ್ಲವೂ ಕೋಟಿನ ಅಂಚಿನಲ್ಲಿ ಕೂತಿದ್ದವು.

"ಅಯ್ಯೋ ಪಾಪ," ಎಂದು ಮಾಸ್ಟರು ಅವನ್ನು ಒಂದೊಂದಾಗಿ ಹೆಕ್ಕಿದ. "ಯಾವಾಗಲೋ ಕೊಂಡಿದ್ದು, ಬಾಯಿಗೆ ಹಾಕಿಕೊಳ್ಳೋಕೂ ಸಿಕ್ಕಿಲ್ಲ."

ಅಷ್ಟರಲ್ಲಿ ಬೀದಿಗೆ ಸುದ್ದಿ ಮುಟ್ಟಿತ್ತು. ನಾಳೆ ಮಾಸ್ಟರು ಬೆಳಿಗ್ಗೆಯೇ ಕೆಲಸಕ್ಕೆ ಕೂತಿದ್ದಾನೆ ಎಂದರೆ ಅದನ್ನು ನೋಡದೆ ಇರಲು ಯಾರಿಗೆ ಸಾಧ್ಯ? ಮೊದಲು ಪಕ್ಕದ ಕ್ಷೌರದಂಗಡಿಯವನು ಬಂದ. ಹಿಂದೆಯೇ ಎದುರುಗಡೆ ಬಟ್ಟೆ ಇಸ್ತ್ರಿ ಮಾಡುವ ಇಸ್ತ್ರಿಯಮ್ಮ, ಅವಳ ಹಿಂದೆ ಔಷಧಿ ಅಂಗಡಿಯ ಯಜಮಾನರು. ವಿಷಯ ತಿಳಿಸಿದ ಮಾಸ್ಟರು ಸಂಭ್ರಮದಲ್ಲಿ ಎಲ್ಲರಿಗೂ ಟಾಫಿ ಹಂಚಿದ.

"ಅಮ್ಮನಿಗೆ ಸಿಹಿ ಬಿಡಿಸಿದಾರಲ್ವಾ ಮಾಸ್ಟ್ರೇ?" ಎಂದರು ಯಜಮಾನರು.

"ಬಿಡಿಸೋದಕ್ಕೆ ಮುಂಚೆ ಬಿದ್ದಿರಬೇಕು ಸಾರ್. ನಾಲ್ಕು ವರ್ಷದ ಹಿಂದಿಂದು."

"ನಾಲ್ಕು ವರ್ಷ ಆದ್ರೂ ಬೆಣ್ಣೆ ಹಾಗಿದೆಯಲ್ಲ!" ಎಂದು ಕ್ಷೌರಿಕ ಆರನೆಯದನ್ನು ಬಾಯಿಗೆ ಹಾಕಿಕೊಂಡ.

ಟಾಫಿ ತಿಂದವರು ಋಣ ತೀರಿಸದೆ ಬಿಡುತ್ತಾರೆಯೇ? ಹೊಸ ಕೋಟು ಕೆಂಪಿರಬೇಕೆಂದು ಕ್ಷೌರಿಕ, ಬೂದಿ ಬಣ್ಣವೇ ಗೌರವವೆಂದು ಯಜಮಾನರು. ಬಣ್ಣ ಯಾವುದಾದರೂ ಇರಲಿ, ಕಾಲರ್ ಹೀಗೆ ಮುದುಡಿರಬಾರದು ಎಂದ ಇಸ್ತ್ರಿಯಮ್ಮ, "ಒಂದು ಸಲ ಉಜ್ಜಿ ತರ್ತೀನಿ, ಅಳತೆ ಸರಿಯಾಗಿ ಸಿಗುತ್ತೆ," ಎಂದು ಅದನ್ನು ಎತ್ತಿಕೊಂಡು ನಡೆದೇಬಿಟ್ಟಳು. ಎದೆಭಾಗದಲ್ಲಿದ್ದ ಕಲೆ ಯಾವುದೆಂದು ಪರೀಕ್ಷಿಸಲು ಯಜಮಾನರು ಅದನ್ನು ಒಯ್ದರು. "ನಮ್ಮತ್ತೆ ತೋಳಿಗೂ ನಿಮ್ಮಮ್ಮನ ತೋಳಿಗೂ ಒಂದೇ ಉದ್ದ, ಅಳೆದು ನೋಡ್ತೀನಿ," ಎಂದು ಕ್ಷೌರಿಕ ಎಡತೋಳನ್ನು ಹೆಗಲಿಗೆ ಹಾಕಿಕೊಂಡ. ಮಾಸ್ಟರು ಬೇಡವೆನ್ನುವ ಮೊದಲೇ ಅಂಗಡಿ ಖಾಲಿಯಾಗಿತ್ತು.

ಮಧ್ಯಾಹ್ನ ಎರಡಕ್ಕೆ ಅಕ್ಕನ ಫೋನು ಮತ್ತೆ ಬಂತು.

"ಅಮ್ಮನ ಕೋಟು ಕಾಣ್ತಿಲ್ಲ. ಬೆಳಿಗ್ಗೆ ಬಂದಿದ್ದು ನೀನೊಬ್ಬನೇ."

"ನಾನೇ ತಂದೆ ಅಕ್ಕಾ," ಎಂದ ಮಾಸ್ಟರು. ಅಕ್ಕನ ಧ್ವನಿಗೆ ಸುಳ್ಳು ಹೇಳುವ ಧೈರ್ಯ ಅವನಿಗೆ ಮೂರನೇ ತರಗತಿಯಿಂದಲೂ ಇರಲಿಲ್ಲ.

"ಜೇಬು ಹೊಲಿಯೋಕಾ? ಅಬ್ಬ! ಇಷ್ಟು ದಿನಕ್ಕೆ ಬುದ್ಧಿ ಬಂತಲ್ಲೋ. ನಾಲ್ಕು ವರ್ಷದಿಂದ ಅಮ್ಮ ನಿನ್ನನ್ನ ಕೇಳಿದ್ದು ಅದೊಂದೇ. ವಾರ ವಾರ ನನ್ನ ಮುಂದೆನೇ ಕೇಳಿದಾಳೆ. ಅಮ್ಮಾ, ಕೇಳಿದ್ಯಾ? ಜೇಬು ಹೊಲಿಯೋಕೆ ತಗೊಂಡು ಹೋಗಿದಾನಂತೆ!"

ದೂರದಿಂದ "ಏನೂ!" ಎಂಬ ಕೂಗು ಕೇಳಿಸಿತು. ಇಷ್ಟೊಂದು ಸಂತೋಷವೇ ಎಂದು ಮಾಸ್ಟರು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡ. ಮರುಕ್ಷಣ ಅಮ್ಮನೇ ಫೋನಿಗೆ ಬಂದಳು.

"ಅವಸರ ಮಾಡ್ಬೇಡಪ್ಪಾ. ಹಬ್ಬದ ಹೊತ್ತು, ನಿನಗೆ ನೂರು ಕೆಲಸ. ಜೇಬು ಹಾಗೇ ಇರಲಿ. ಬಿಚ್ಚೋಕೆ ಗಿಚ್ಚೋಕೆ ಹೋಗದೆ ಇದ್ದ ಹಾಗೇ ತಂದುಕೊಡು. ನಾಳೆ ಮಾಡಿದ್ರಾಯ್ತು."

"ಇಲ್ಲಮ್ಮಾ, ಇವತ್ತೇ!" ಎಂದ ಮಾಸ್ಟರು, ಈ ಮಾತು ಬಾಯಿಂದ ಬಂದದ್ದಕ್ಕೆ ತಾನೇ ಬೆಚ್ಚಿ.

"ಆರಕ್ಕೆ ಚರ್ಚಿಗೆ ಹೊರಡ್ತೀವಿ, ಅಷ್ಟರಲ್ಲಿ ತಾ," ಎಂದು ಅಕ್ಕ ಫೋನಿಟ್ಟಳು.

ಮಾಸ್ಟರಿಗೆ ಈಗ ಎಲ್ಲವೂ ನಿಚ್ಚಳವಾಯಿತು. ಹೊಸ ಕೋಟು ಯಾರಿಗೆ ಬೇಕು! ಅದೂ ಡಬ್ಬಿಯಲ್ಲಿ ಬೀರು ಸೇರುತ್ತದೆ. ಅಮ್ಮ ಬಾಯಿಬಿಟ್ಟು ಕೇಳಿದ್ದು ಜೇಬಿಗೆ ನಾಲ್ಕು ಹೊಲಿಗೆ, ಅಷ್ಟೇ. ಮಗನಿಗೆ ಕೆಲಸ ಹೆಚ್ಚಾದೀತೆಂದು ಅದನ್ನೂ ಬೇಡ ಎನ್ನುತ್ತಿದ್ದಾಳೆ! ಕಣ್ಣೊರೆಸಿಕೊಂಡು ಮೇಜಿನ ಕಡೆ ನೋಡಿದ. ತುಂಡುಗಳು ಹನ್ನೊಂದೇ ಇದ್ದವು.

ಇಸ್ತ್ರಿಯಮ್ಮ ಕಾಲರನ್ನು ಎಷ್ಟು ಗರಿಗರಿ ಮಾಡಿದ್ದಳೆಂದರೆ ಅದನ್ನು ಹಲಗೆಯ ಹಾಗೆ ಗೋಡೆಗೆ ಒರಗಿಸಿ ನಿಲ್ಲಿಸಬಹುದಿತ್ತು. ಯಜಮಾನರ ಸ್ಪಿರಿಟ್ಟಿಗೆ ಕಲೆ ಜಗ್ಗಿರಲಿಲ್ಲ, ಸುತ್ತಲಿನ ಬಣ್ಣ ಮಾತ್ರ ಹೋಗಿತ್ತು. "ಕಲೆ ಕಾಫೀದು ಅಂತ ಖಚಿತ ಆಯ್ತು," ಎಂದು ಅವರು ತೃಪ್ತಿಯಿಂದ ಹೇಳಿದರು. ಕ್ಷೌರಿಕನ ಅಂಗಡಿಯಲ್ಲಿ ಮಾತ್ರ ತೋಳೇ ಇರಲಿಲ್ಲ.

"ಗಿರಾಕಿ ಒಬ್ಬರಿಗೆ ಚಳಿ ಅಂತ ಕುತ್ತಿಗೆಗೆ ಸುತ್ತಿದ್ದೆ ಮಾಸ್ಟ್ರೇ. ಮಫ್ಲರ್ ಅಂದ್ಕೊಂಡು ಹಾಗೇ ಹೋದ್ರು ಅನ್ಸುತ್ತೆ. ಬಸ್ ಸ್ಟಾಪಲ್ಲಿ ಇರ್ತಾರೆ ನೋಡಿ."

ಕೊರಳಲ್ಲಿ ಟೇಪು, ಕೈಯಲ್ಲಿ ಮೊಳದುದ್ದದ ಕತ್ತರಿ, "ನಿಲ್ರೀ! ತೋಳು ಕೊಡ್ರೀ!" ಎಂದು ಕೂಗುತ್ತಾ ಒಬ್ಬ ಮನುಷ್ಯ ಓಡಿಬಂದರೆ ಬಸ್ ಸ್ಟಾಪಿನಲ್ಲಿ ಯಾರು ನಿಂತಾರು? ಸಾಲು ಚದುರಿತು. ಮಫ್ಲರಿನ ಮನುಷ್ಯ ತನ್ನ ಎರಡೂ ತೋಳುಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡು ಬಸ್ಸು ಹತ್ತಿದ. ಮಾಸ್ಟರೂ ಹತ್ತಿದ. ಮೂರು ನಿಲ್ದಾಣ ದಾಟುವಷ್ಟರಲ್ಲಿ ವಿಷಯ ಅರ್ಥವಾಗಿ, ತೋಳು ಕೈಗೆ ಬಂದು, ಮಾಸ್ಟರು ನಡೆದು ವಾಪಸಾದಾಗ ನಾಲ್ಕು ಗಂಟೆ.

ಆಮೇಲೆ ನಡೆದದ್ದನ್ನು ಬೀದಿಯವರು ಇವತ್ತಿಗೂ ಹೇಳುತ್ತಾರೆ. ನಾಳೆ ಮಾಸ್ಟರು ಹೊಲಿದ! ಯಂತ್ರ ಕುದುರೆಯ ಹಾಗೆ ಓಡಿತು. ಬಲತೋಳು ಎಡಕ್ಕೆ ಕೂತಿತು, ಬಿಚ್ಚಿ ಹಾಕಿದ. ಕಾಲರ್ ಬಗ್ಗದಾಯಿತು, ನೀರು ಚಿಮುಕಿಸಿದ. ಎಲ್ಲ ಮುಗಿದ ಮೇಲೆ ಜೇಬಿಗೆ ಬಂದ. ದಪ್ಪ ಕ್ಯಾನ್ವಾಸಿನ ತಳ, ಅದಕ್ಕೆ ಮೂರು ಸಾಲು ಹೊಲಿಗೆ, ಮೂರನೆಯದು ಚರ್ಮದ ಚೀಲಕ್ಕೆ ಹಾಕುವ ದಾರದಲ್ಲಿ. ಜೀವಮಾನದಲ್ಲೇ ಅವನು ಇಷ್ಟು ಮನಸ್ಸಿಟ್ಟು ಕೆಲಸ ಮಾಡಿರಲಿಲ್ಲ. ಆರಕ್ಕೆ ಐದು ನಿಮಿಷವಿರುವಾಗ ಅಕ್ಕನ ಮನೆಯ ಬಾಗಿಲಲ್ಲಿ ಏದುಸಿರು ಬಿಡುತ್ತಾ ನಿಂತಿದ್ದ.

ಅಕ್ಕ ಕೋಟನ್ನು ಅಮ್ಮನಿಗೆ ತೊಡಿಸಿದಳು. ಅಮ್ಮನ ಬಲಗೈ ನೇರ ಜೇಬಿಗೆ ಇಳಿಯಿತು. ತಳ ಮುಟ್ಟಿತು. ಅಲ್ಲೇ ನಿಂತಿತು. ಬೆರಳುಗಳು ಎಡಕ್ಕೂ ಬಲಕ್ಕೂ ತಡಕಾಡುವುದು ಹೊರಗಿನಿಂದಲೇ ಕಾಣುತ್ತಿತ್ತು. ಅಮ್ಮನ ಮುಖದ ಬಣ್ಣ ಯಜಮಾನರು ಸ್ಪಿರಿಟ್ಟು ಹಚ್ಚಿದ ಜಾಗದಂತಾಯಿತು.

"ಚೆನ್ನಾಗಿದೆಯಪ್ಪಾ," ಎಂದಳು.

ಅಕ್ಕನೂ ಕೈ ಹಾಕಿ ನೋಡಿದಳು. "ಕಬ್ಬಿಣ ಕಣೋ! ಇವತ್ತು ನೀನು ಮಗ ಅನ್ನಿಸ್ಕೊಂಡೆ," ಎಂದು ಕಣ್ಣು ತುಂಬಿಕೊಂಡು ಬೀಗದ ಕೈ ತರಲು ಒಳಗೆ ಹೋದಳು.

ಅವಳು ಮರೆಯಾದದ್ದೇ ತಡ, ಅಮ್ಮ ಮಗನ ಕಿವಿ ಹಿಡಿದಳು. "ಹನ್ನೆರಡಿತ್ತು. ಎಲ್ಲಿ?"

"ಅಮ್ಮಾ... ಹಂಚಿಬಿಟ್ಟೆ. ಹಳೇವು ಅಂದ್ಕೊಂಡು..."

"ಹಳೇವಾ? ಹಬ್ಬಕ್ಕೆ ಅಂತ ಒಂದು ತಿಂಗಳಿಂದ ಕೂಡಿಟ್ಟಿದ್ದೆ. ನಿಮ್ಮಕ್ಕ ಜೇಬು ನೋಡ್ತಾಳೆ, ಜೇಬಿನ ಕೆಳಗೆ ನೋಡಲ್ಲ."

ಮಾಸ್ಟರು ತೊದಲಿದ. "ಮತ್ತೆ... ನಾಲ್ಕು ವರ್ಷದಿಂದ ಹೊಲಿ ಹೊಲಿ ಅಂತ ಕೇಳಿದ್ದು?"

"ತೂತಿಟ್ಕೊಂಡು ಸುಮ್ಮನಿದ್ರೆ ಅವಳಿಗೆ ಅನುಮಾನ ಬರಲ್ವೇನೋ? ಅದಕ್ಕೇ ಅವಳ ಮುಂದೆ ಕೇಳ್ತಿದ್ದೆ. ನೀನು ಸತ್ರೂ ಹೊಲಿಯಲ್ಲ ಅನ್ನೋ ಧೈರ್ಯ ಇತ್ತು. ಕೊಟ್ಟ ಉಡುಗೊರೆಗಳಲ್ಲೆಲ್ಲ ನಾನು ದಿನಾ ಬಳಸ್ತಾ ಇದ್ದಿದ್ದು ನಿನ್ನ ಸೋಮಾರಿತನ ಒಂದೇ ಕಣೋ. ಅದನ್ನೂ ಕಿತ್ಕೊಂಡ್ಯಲ್ಲ!"

ಮಾಸ್ಟರಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. "ನಾಳೆ ಬಿಚ್ಚಿಕೊಡ್ತೀನಮ್ಮಾ."

"ಈಗ!"

ಚರ್ಚಿನಲ್ಲಿ ಅಮ್ಮನ ಬಲಕ್ಕೆ ಕೂತು, ಹಾಡು ಜೋರಾದಾಗಲೆಲ್ಲ ಸಣ್ಣ ಕತ್ತರಿಯಿಂದ ಜೇಬಿನೊಳಗೆ ಕೆಲಸ ನಡೆಸಿದ. ಮೊದಲ ಹಾಡಿಗೆ ಒಂದು ಸಾಲು, ಮೂರನೆಯದಕ್ಕೆ ಎರಡನೇ ಸಾಲು ಬಿಚ್ಚಿತು. ಚರ್ಮದ ಚೀಲದ ದಾರಕ್ಕೆ ಬಂದಾಗ ಕತ್ತರಿಯ ಮೂತಿಯೇ ಮುರಿಯಿತು.

ಹೊರಗೆ ಬಂದರೆ ಬಾಗಿಲಲ್ಲೇ ಗುಂಪು. ತನ್ನ ತಮ್ಮ ಅಮ್ಮನ ಕೋಟಿನ ಜೇಬನ್ನು ಒಂದೇ ದಿನದಲ್ಲಿ ಹೊಲಿದುಕೊಟ್ಟನೆಂದು ಅಕ್ಕ ಒಬ್ಬೊಬ್ಬರಿಗೂ ಸಾರಿದ್ದಳು. ಮೂವರು ಹೆಂಗಸರು ಮುಂದೆ ಬಂದರು. "ಮಾಸ್ಟ್ರೇ, ನಮ್ಮತ್ತೆ ಕೋಟಿನ ಜೇಬೂ ತೂತಾಗಿದೆ." "ನಮ್ಮಮ್ಮಂದೂ." "ನಮ್ಮ ದೊಡ್ಡಮ್ಮ ವರ್ಷದಿಂದ ಹೊಲಿಸು ಅಂತಿದಾರೆ, ಇವತ್ತೇ ತಂದುಕೊಡ್ಲಾ?"

ಅವರ ಬೆನ್ನ ಹಿಂದೆ ಮೂವರು ಮುದುಕಿಯರು ನಿಂತಿದ್ದರು. ಮೂವರೂ ಅವನನ್ನೇ ದಿಟ್ಟಿಸಿ, ಬೇಡ ಬೇಡ ಎಂದು ಸದ್ದಿಲ್ಲದೆ ತಲೆಯಾಡಿಸುತ್ತಿದ್ದರು.

ಮಾಸ್ಟರು ಅಕ್ಕನ ಹೆಮ್ಮೆಯ ಮುಖ ನೋಡಿದ. ಆ ಮುಖವನ್ನು ಹಾಗೆ ನೋಡಲು ಅವನು ಐವತ್ತೆರಡು ವರ್ಷ ಕಾದಿದ್ದ. ಆಮೇಲೆ ಮುದುಕಿಯರನ್ನು ನೋಡಿದ.

"ನಾಳೆ ಬನ್ನಿ," ಎಂದ.

ಮೂರು ಸುಕ್ಕುಮುಖಗಳು ದೀಪ ಹಚ್ಚಿದ ಹಾಗೆ ಬೆಳಗಿದವು. ಅಕ್ಕ ಹಣೆ ಚಚ್ಚಿಕೊಂಡಳು. "ನೀನು ಉದ್ಧಾರ ಆಗೋನಲ್ಲ ಕಣೋ! ಒಂದು ದಿನ ಆದ್ರೂ ನೆಟ್ಟಗಿರಬಾರದಾ?"

ಅಮ್ಮ ಮಗನ ತೋಳಿಗೆ ತೋಳು ಸೇರಿಸಿ, ಮೆಟ್ಟಿಲಿಳಿಯುವ ನೆಪದಲ್ಲಿ ಅವನ ಕಿವಿಯ ಹತ್ತಿರ ಬಾಗಿದಳು.

"ಅವರದ್ದೆಲ್ಲ ನಾಳೆ, ಒಳ್ಳೇದು. ಆದ್ರೆ ನನ್ನ ಮೂರನೇ ಸಾಲು ಇವತ್ತೇ. ಜೊತೆಗೆ ಹನ್ನೆರಡು ಟಾಫಿ."