ರಾಹು ಕೇತು ತೋರಿಸುವ ಯಂತ್ರ

ಅಂದು ಬೆಳಿಗ್ಗೆ ಗುರುಸಿದ್ದಯ್ಯನವರು ರಾಹುಕಾಲ ನೋಡಲು ಪಂಚಾಂಗ ತೆರೆಯದೇ ಇದ್ದಿದ್ದರೆ ಪಂಚಾಕ್ಷರಿಯ ಬೆನ್ನು ಬದುಕಿಕೊಳ್ಳುತ್ತಿತ್ತು.

ಗುರುಸಿದ್ದಯ್ಯನವರದು ರಾಜಾಜಿನಗರದಲ್ಲಿ ಹಾರ್ಡ್‌ವೇರ್ ಅಂಗಡಿ. ಜೊತೆಗೆ ಅಲ್ಲಿನ ಪುಟ್ಟ ತಾರಾಲಯವೊಂದರ ಅಧ್ಯಕ್ಷಗಿರಿ. ಪಂಚಾಕ್ಷರಿ ಆ ತಾರಾಲಯದಲ್ಲಿ ಆಕಾಶ ತೋರಿಸುವವನು. ಅಲ್ಲಿದ್ದ ಹಳೇ ಯಂತ್ರಕ್ಕೆ ನಕ್ಷತ್ರಗಳು ಗೊತ್ತಿದ್ದವೇ ಹೊರತು ಗ್ರಹಗಳ ಸಂಚಾರ ಗೊತ್ತಿರಲಿಲ್ಲ. ಪ್ರತಿ ಪ್ರದರ್ಶನಕ್ಕೂ ಮುನ್ನ ಪಂಚಾಕ್ಷರಿ ಅದರ ಹೊಟ್ಟೆಯಡಿ ಅಂಗಾತ ಮಲಗಿ, ಸ್ಕ್ರೂಡ್ರೈವರ್ ಹಿಡಿದು, ಗುರು, ಶನಿ ಎಂದು ಒಬ್ಬೊಬ್ಬರನ್ನೇ ಅವರವರ ಜಾಗಕ್ಕೆ ತಿರುಗಿಸಬೇಕು. ಹೊಸ ಕಂಪ್ಯೂಟರ್ ಯಂತ್ರದಲ್ಲಾದರೆ ತಾರೀಖು ಒತ್ತಿದರೆ ಸಾಕು. ಹೊಸದೋ, ಹಳೆಯದರ ರಿಪೇರಿಯೋ ಎಂದು ಸಮಿತಿ ಅವತ್ತೇ ತೀರ್ಮಾನಿಸಬೇಕಿತ್ತು. ಸಮಿತಿಗೆ ತಿಳಿಹೇಳುವ ಕೆಲಸ ಪಂಚಾಕ್ಷರಿಯದು.

ಆದರೆ ತಿಳಿಹೇಳುವವರಿಗೆ ಈ ಊರಲ್ಲಿ ಬರವೇ? ಚಂದ್ರಾ ಲೇಔಟಿನ ಮನೆಯಿಂದ ಅವನು ಹೊರಡುತ್ತಿದ್ದಂತೆ ಪಕ್ಕದ ಮನೆಯ ಯಶೋದಮ್ಮ ಕಾಂಪೌಂಡಿನ ಮೇಲಿಂದ ಕತ್ತು ಚಾಚಿದರು.

"ಇವತ್ತು ಮೆಷಿನ್ ತಗೋತೀರಂತೆ? ಕಲರ್‍ದೇ ತಗೊಳ್ಳಿ. ನಾವು ಬ್ಲಾಕ್ ಅಂಡ್ ವೈಟ್ ತಗೊಂಡು ಅನುಭವಿಸ್ತಾ ಇದೀವಿ."

"ಅದು ಟೀವಿ ಅಲ್ಲ ಯಶೋದಮ್ಮ, ಆಕಾಶ ತೋರ್ಸೋದು."

"ಏನಾದ್ರೂ ತೋರಿಸ್ಲಿ, ಸ್ಟೆಬಿಲೈಸರ್ ಮಾತ್ರ ಮರೀಬೇಡಿ!"

ಬಸ್ಸಿನಲ್ಲಿ ಕಂಡಕ್ಟರ್ ಕೂಡ ಜಪಾನ್ ಮಾಲೇ ಒಳ್ಳೆಯದೆಂದು ಟಿಕೆಟ್ ಹರಿದುಕೊಟ್ಟ. ಹಸು ಕೊಳ್ಳುವಾಗಲೂ ಹಾಲು ಕರೆಯುವವಳನ್ನು ಒಂದು ಮಾತು ಕೇಳುತ್ತಾರೆ, ನನ್ನನ್ನು ಕೇಳುವವರೇ ಇಲ್ಲವಲ್ಲ ಎಂದು ಪಂಚಾಕ್ಷರಿಗೆ ಮೈಯೆಲ್ಲ ಉರಿದುಹೋಯಿತು.

ಸಭೆಯಲ್ಲಿ ಅವನು ಲೆನ್ಸು, ಬಲ್ಬು, ಕಂಪ್ಯೂಟರು ಎಂದು ವಿವರಿಸುತ್ತಿದ್ದಂತೆ ಗುರುಸಿದ್ದಯ್ಯನವರು ಕೈ ಎತ್ತಿದರು.

"ಅದೆಲ್ಲಾ ಇರ್ಲಿ ಪಂಚಾಕ್ಷರಿ. ಬೆಳಿಗ್ಗೆ ಪಂಚಾಂಗ ನೋಡ್ದೆ. ಗ್ರಹಗಳು ಒಂಬತ್ತು. ನೀನು ರಾಹು ಕೇತು ಯಾವತ್ತಾದ್ರೂ ತೋರ್ಸಿದೀಯಾ? ಹೊಸ ಮೆಷಿನ್ ತೋರ್ಸೋದಾದ್ರೆ ತಗೊಳ್ಳೋಣ. ಇಲ್ದಿದ್ರೆ ಯಾಕೆ?"

ಕಂಪನಿಯ ಏಜೆಂಟ್ ವೆಂಕಟಗಿರಿ ನೆಟ್ಟಗೆ ಕೂತ. "ಧಾರಾಳವಾಗಿ ತೋರ್ಸತ್ತೆ ಸಾರ್! ಕಂಪ್ಯೂಟರ್ ಅಲ್ವಾ? ರಾಹುಗೆ ಕೆಂಪು, ಕೇತುಗೆ ಹಸಿರು. ಬೇಕಾದ್ರೆ ಬಾಲಾನೂ ಹಾಕ್ಕೊಡ್ತೀವಿ."

ಸಮಿತಿಗೆ ಸಮಿತಿಯೇ ತಲೆದೂಗಿತು. ಬಾಯಿ ಮುಚ್ಚಿಕೊಂಡಿದ್ದರೆ ಯಂತ್ರ ಬಂದೇ ಬರುತ್ತಿತ್ತು. ಪಂಚಾಕ್ಷರಿ ತುಟಿ ಕಚ್ಚಿಕೊಂಡೇ ಕೂತಿದ್ದ. ಆದರೆ ಆ ಬಾಲವನ್ನು ಮಾತ್ರ ಅವನಿಗೆ ಸಹಿಸಲಾಗಲಿಲ್ಲ.

"ಸ್ಕೂಲ್ ಮಕ್ಕಳು ಬರೋ ಜಾಗ ಸಾರ್ ಇದು! ಅವಕ್ಕೆ ಸುಳ್ಳು ತೋರಿಸ್ಬೇಕಾ? ರಾಹು ಕೇತುಗೆ ಮೈಯೇ ಇಲ್ಲ!" ಎಂದು ಎದ್ದು ನಿಂತ. ಸಿಟ್ಟಿನ ಭರದಲ್ಲಿ, ಸಮಿತಿಯಲ್ಲೇ ಇದ್ದ ಅಧ್ಯಕ್ಷರ ಪತ್ನಿಯತ್ತ ಕೈ ಚಾಚಿದ. "ಕಮಲಾಕ್ಷಮ್ಮನೋರೇ, ಎರಡು ಬಳೆ ಬಿಚ್ಚಿ ಕೊಡಿ, ತೋರಿಸ್ತೀನಿ!"

ಕಮಲಾಕ್ಷಮ್ಮ ಎರಡೂ ಕೈಗಳನ್ನು ಸೆರಗಿನೊಳಗೆ ಅಡಗಿಸಿಕೊಂಡರು.

"ನಾನಿನ್ನೂ ಗಟ್ಟಿಮುಟ್ಟಾಗಿ ಎದುರಿಗೇ ಕೂತಿದೀನಿ ಕಣಯ್ಯಾ!" ಎಂದು ಗುರುಸಿದ್ದಯ್ಯನವರು ಗುಡುಗಿದರು.

ಪಂಚಾಕ್ಷರಿ ನಾಲಗೆ ಕಚ್ಚಿಕೊಂಡು ಕಾಫಿಯ ಜೊತೆ ಬಂದಿದ್ದ ಕೋಡುಬಳೆಗೆ ಕೈ ಹಾಕಿದ. ದೊಡ್ಡದೊಂದರ ಒಳಗೆ ಚಿಕ್ಕದೊಂದನ್ನು ಓರೆಯಾಗಿ ಕೂರಿಸಿ ಎತ್ತಿ ಹಿಡಿದ.

"ನೋಡಿ, ಇದು ಸೂರ್ಯನ ದಾರಿ, ಇದು ಚಂದ್ರನ ದಾರಿ. ಎರಡೂ ಸೇರೋದು ಎರಡೇ ಕಡೆ. ಇಲ್ಲಿ ರಾಹು, ಇಲ್ಲಿ ಕೇತು. ಬರೀ ಜಾಗ! ಬಾಲ ಎಲ್ಲಿಂದ ಬರತ್ತೆ? ಇದನ್ನ ಗ್ರಹ ಅಂತ ತೋರ್ಸೋ ಮೆಷಿನ್ ಸುಳ್ಳು ಮೆಷಿನ್!"

ಗುರುಸಿದ್ದಯ್ಯನವರು ಕೋಡುಬಳೆಗಳನ್ನು ಇಸಿದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಅವರ ಮುಖ ಅರಳಿತು.

"ಸರಿ, ಹೊಸದು ಸುಳ್ಳು ಹೇಳತ್ತೆ. ನಮ್ಮ ಹಳೇದು?"

"ಅದು... ತೋರ್ಸೋದೇ ಇಲ್ಲ ಸಾರ್."

"ಕೇಳಿದ್ರಾ! ಇಲ್ದೇ ಇರೋದನ್ನ ಇಷ್ಟು ವರ್ಷದಲ್ಲಿ ಒಂದು ದಿನಾನೂ ತೋರ್ಸಿಲ್ಲ. ಅಂಥಾ ಸತ್ಯವಂತ ಮೆಷಿನ್ ಮನೇಲಿಟ್ಕೊಂಡು ಇನ್ನೊಂದು ತರೋದಾ? ಶಿವ ಶಿವಾ! ನಮ್ಮಂಗಡಿಯಿಂದ ಒಂದು ಡಬ್ಬಿ ಎಣ್ಣೆ ಕಳಿಸ್ತೀನಿ, ಸಾಕು."

"ಸಾರ್, ನನ್ನ ಬೆನ್ನು..." ಎನ್ನುವಷ್ಟರಲ್ಲಿ ಚಪ್ಪಾಳೆ ಬಿತ್ತು. ವಿಜ್ಞಾನದ ಮಾನ ಉಳಿಸಿದ್ದಕ್ಕಾಗಿ ಅಧ್ಯಕ್ಷರೇ ಅವನಿಗೆ ಶಾಲು ಹೊದಿಸಿದರು.

ಸಂಜೆಯ ಪ್ರದರ್ಶನಕ್ಕೆ ಮುನ್ನ ಪಂಚಾಕ್ಷರಿ ಆ ಶಾಲನ್ನು ಯಂತ್ರದಡಿ ಹಾಸಿ, ಸ್ಕ್ರೂಡ್ರೈವರ್ ಬಾಯಲ್ಲಿ ಕಚ್ಚಿಕೊಂಡು ಅಂಗಾತ ಮಲಗಿದ. ಬಾಗಿಲಾಚೆ ಗುರುಸಿದ್ದಯ್ಯನವರು ಯಾರಿಗೋ ಹೇಳುತ್ತಿದ್ದರು:

"ನಾನೇನೋ ಹೊಸದು ತರೋಣ ಅಂತಿದ್ದೆ. ಈ ಪಂಚಾಕ್ಷರಿ ಬಿಡ್ಬೇಕಲ್ಲ!"