ಗೌರಮ್ಮನ ಹೆಸರಿನ ಹೆಪ್ಪಿನ ಬಟ್ಟಲು

ನಮ್ಮ ಸೋದರತ್ತೆಯಷ್ಟು ಅನುಮಾನದ ಮನುಷ್ಯರು ಇಡೀ ಮಾನ್ವಿ ತಾಲೂಕಿನಲ್ಲಿ ಇನ್ನೊಬ್ಬರಿಲ್ಲ. ಇದ್ದರೆ ಅವರ ಮೇಲೂ ಈಕೆಗೆ ಅನುಮಾನ ಇದ್ದೇ ಇರುತ್ತದೆ! ಎಣ್ಣೆಯವನು ಕಡಿಮೆ ಅಳೆದರೆ ಯಾರಾದರೂ ಅನುಮಾನಪಡುತ್ತಾರೆ. ಅವನು ಜಾಸ್ತಿ ಅಳೆದರೂ ಈಕೆ ಬಿಡುವುದಿಲ್ಲ. "ಇವತ್ತ್ಯಾಕ ಇಷ್ಟು ಪ್ರೀತಿ ಉಕ್ಕಾಕತ್ತದ?" ಎಂದು ಅವನ ಮುಖ ನೋಡುತ್ತಾಳೆ. ಬಸ್ಸು ಸರಿಯಾದ ಹೊತ್ತಿಗೆ ಬಂದರೆ ಹತ್ತದೇ ನಿಂತು, "ಡ್ರೈವರ್ ಹೊಸಬ ಇರಬೇಕು" ಎನ್ನುತ್ತಾಳೆ.

ಆಕೆಯ ಊರು ಹಿರೇಕೊಟ್ನೆಕಲ್. ಅಲ್ಲಿ ಆಕೆಗೊಂದು ಖಾಯಂ ಚಟ. ದಿನಾ ಮಧ್ಯಾಹ್ನ ಒಂದು ಸಣ್ಣ ಸ್ಟೀಲ್ ಬಟ್ಟಲು ಹಿಡಿದುಕೊಂಡು ಯಾರದಾದರೂ ಮನೆಗೆ ಹೆಪ್ಪು ಕೇಳಲು ಹೋಗುವುದು! ಸ್ವಂತ ಮನೆಯಲ್ಲಿ ಎರಡು ಎಮ್ಮೆ, ಗಡಿಗೆ ತುಂಬ ಮೊಸರು. ಹಾಲಿಗೆ ಹಾಕುವ ಒಂದು ಚಮಚ ಮೊಸರು ಮಂದಿ ಮನೆಯಿಂದಲೇ ಯಾಕೆ ಬರಬೇಕು? ಕೇಳಿದರೆ "ನಮ್ಮನಿ ಹೆಪ್ಪು ಹುಳಿ" ಎನ್ನುತ್ತಾಳೆ. ನಾನು ಹುಟ್ಟಿದಾಗಿನಿಂದ ಹುಳಿಯೇ? ಸಾಲದ್ದಕ್ಕೆ ಆ ಬಟ್ಟಲಿನ ತಳದಲ್ಲಿ 'ಗೌರಮ್ಮ' ಎಂದು ಹೆಸರು ಕೊರೆದಿದೆ. ನಮ್ಮ ವಂಶದಲ್ಲೇ ಗೌರಮ್ಮ ಯಾರೂ ಇಲ್ಲ. ಯಾರದೋ ಲಗ್ನದ ಮನೆಯಿಂದ ಎತ್ತಿಕೊಂಡು ಬಂದಿರಬೇಕು ಎಂಬುದು ನನ್ನ ಗುಮಾನಿ. ಏನು ಮಾಡಲಿ, ಆಕೆಯ ಮನೆತನದ ರಕ್ತವೇ ನನ್ನಲ್ಲೂ ಹರಿಯುವುದು!

ಕಣ್ಣಿನ ಪೊರೆ ತೆಗೆಸಿಕೊಳ್ಳಲು ರಾಯಚೂರಿಗೆ ಬಂದವಳು ಒಂದು ತಿಂಗಳು ನಮ್ಮ ಮನೆಯಲ್ಲೇ ಉಳಿದಳು. ಡಾಕ್ಟರು ಕಪ್ಪು ಕನ್ನಡಕ ಬೇರೆ ಕೊಟ್ಟರು. ಆಕೆ ಈಗ ಯಾರನ್ನು ನೋಡುತ್ತಿದ್ದಾಳೆ ಎಂಬುದೇ ಯಾರಿಗೂ ಗೊತ್ತಾಗದ ಹಾಗಾಯಿತು. ಮೊದಲ ಅನುಮಾನ ನನ್ನ ನೌಕರಿಯ ಮೇಲೆ ಬಿತ್ತು. ನಾನು ಇಲ್ಲಿಯ ಕಾಲೇಜೊಂದರಲ್ಲಿ ಸಮಾಜಕಾರ್ಯ ಕಲಿಸುತ್ತೇನೆ.

"ಅಂದ್ರ ಏನು ಕಲಸ್ತಿ?"

"ಕಷ್ಟದಾಗ ಇದ್ದವರ ಮನಿಗೆ ಹ್ಯಾಂಗ ಹೋಗಬೇಕು, ಹ್ಯಾಂಗ ಮಾತಾಡಬೇಕು ಅಂತ."

"ಅದಕ್ಕ ಎರಡು ವರ್ಷ ಬೇಕಾ? ಫೇಲಾದವರು ಮಂದಿ ಮನಿಗೆ ಹೋಗಂಗಿಲ್ಲೇನು?"

ಆ ತಿಂಗಳು ಬೇರೆ ಬೇರೆ ದೇಶದ ಮೇಷ್ಟ್ರುಗಳೆಲ್ಲ ವಾರಕ್ಕೊಮ್ಮೆ ಆನ್‌ಲೈನ್‌ನಲ್ಲಿ ಸೇರಿ, ತಮ್ಮ ತಮ್ಮಲ್ಲಿ ಈ ವಿದ್ಯೆ ಹೇಗೆ ಬೆಳೆಯುತ್ತಿದೆ ಎಂದು ಹೇಳಿಕೊಳ್ಳುತ್ತಿದ್ದರು. ಅತ್ತೆ ನನ್ನ ಹಿಂದೆ ಕುರ್ಚಿ ಹಾಕಿಕೊಂಡು ಕೂತಳು. ನಾನು ಕನ್ನಡದಲ್ಲಿ ಹೇಳಬೇಕು, ಇಲ್ಲದಿದ್ದರೆ ಆಕೆಯ ಬಗ್ಗೆಯೇ ಮಾತಾಡುತ್ತಿದ್ದೇವೆ ಎಂಬ ಅನುಮಾನ! ಫಿನ್ಲೆಂಡಿನವರು, ನಟರನ್ನು ಕರೆಸಿ ಕಷ್ಟದಲ್ಲಿರುವವರ ಹಾಗೆ ಅಳಿಸಿ ವಿದ್ಯಾರ್ಥಿಗಳಿಗೆ ಅಭ್ಯಾಸ ಮಾಡಿಸುತ್ತೇವೆ ಎಂದರು. "ಸುಳ್ಳು ಅಳು ನೋಡಿ ಖರೇ ಅಳು ಹ್ಯಾಂಗ ಗುರ್ತು ಹಿಡೀತಾರ?" ಎಂದಳು ಅತ್ತೆ. ಫಿಲಿಪೈನ್ಸ್‌ನವರು, ನಮ್ಮ ಹುಡುಗರು ಹಳ್ಳಿಯವರ ಮನೆಯಲ್ಲೇ ಉಳಿದು ಕಲಿಯುತ್ತಾರೆ ಎಂದರು. "ಅವರಿಗೆ ರೊಟ್ಟಿ ಬಡಿಯೋ ಹೆಣ್ಮಗಳನ್ನ ಯಾರರ ಕೇಳ್ಯಾರೇನು?" ನ್ಯೂಜಿಲೆಂಡಿನ ಮೇಡಂ, ತಮ್ಮಲ್ಲಿ ಮೂಲನಿವಾಸಿಗಳ ಹಿರಿಯರೇ ಕ್ಲಾಸಿಗೆ ಬಂದು ಪಾಠ ಹೇಳುತ್ತಾರೆ ಎಂದಾಗ ಅತ್ತೆ ಚಪ್ಪಾಳೆ ತಟ್ಟಿದಳು. "ಮುದುಕರನ್ನ ಕರಸ್ತಾರಂದ್ರ ಮಾಸ್ತರಗೆ ಏನೂ ಬರಂಗಿಲ್ಲ ಅನ್ನು!"

ಅದೇ ಹೊತ್ತಿಗೆ ನನಗೊಂದು ತಲೆನೋವು ಶುರುವಾಗಿತ್ತು. ದೇವದುರ್ಗ ತಾಲೂಕಿನ ಜಾಲಹಳ್ಳಿಯ ಹುಡುಗಿಯೊಬ್ಬಳು, ಕ್ಲಾಸಿಗೇ ಜಾಣೆ, ಒಂದು ತಿಂಗಳಿನಿಂದ ನಾಪತ್ತೆ. ಫೋನ್ ಮಾಡಿದರೆ "ಆರಾಮ ಅದೀನ್ರೀ ಮೇಡಂ, ಬರ್ತೀನ್ರೀ" ಎನ್ನುತ್ತಾಳೆ, ಬರುವುದಿಲ್ಲ. ಹಾಜರಿ ಇನ್ನೊಂದು ವಾರ ತಪ್ಪಿದರೆ ಪರೀಕ್ಷೆಗೆ ಕೂರಿಸುವ ಹಾಗಿಲ್ಲ. ಹಾಗೆ ಬಿಟ್ಟ ಹುಡುಗಿಯರು ತಿರುಗಿ ಬಂದದ್ದನ್ನು ನಾನಂತೂ ನೋಡಿಲ್ಲ. ಸರಿ, ಮನೆಭೇಟಿಯ ಫಾರಂ ಹಿಡಿದುಕೊಂಡು ಹೊರಟೆ. "ಆರಾಮ ಅದೀನಿ ಅಂದಾಳಾ? ಹಂಗಾರ ನಾನೂ ಬರ್ತೀನಿ" ಎಂದು ಅತ್ತೆ ಕನ್ನಡಕ ಏರಿಸಿ, ಬಟ್ಟಲನ್ನು ಚೀಲಕ್ಕೆ ಹಾಕಿಕೊಂಡಳು.

ಜಾಲಹಳ್ಳಿಯಲ್ಲಿ ಆ ಮನೆಯ ಮುಂದೆ ಎಮ್ಮೆ ಕಟ್ಟಿತ್ತು. ಹುಡುಗಿ ನಗುನಗುತ್ತಾ ಚಾಪೆ ಹಾಸಿದಳು. ಅವಳ ತಾಯಿಯೂ "ಬರ್ರಿ ಬರ್ರಿ" ಎಂದು ನಕ್ಕರು. ನಾನು ಫಾರಮ್ಮಿನ ಪ್ರಶ್ನೆಗಳನ್ನೆಲ್ಲ ಕೇಳಿದೆ. ಎಲ್ಲದಕ್ಕೂ ಹುಡುಗಿಯದು ಒಂದೇ ಉತ್ತರ: ಆರಾಮ. ಚಹಾ ಬಂತು, ಕರಿ ಚಹಾ. ನಾನು ಸಭ್ಯತೆಯಿಂದ ಕುಡಿದು ಪೆನ್ನು ಮುಚ್ಚಿದೆ.

ಅತ್ತೆ ಚೀಲದಿಂದ ಬಟ್ಟಲು ತೆಗೆದಳು! "ಯವ್ವಾ, ಚೂರು ಹೆಪ್ಪು ಕೊಡು."

ನನಗೆ ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ರಾಯಚೂರಿನಿಂದ ಜಾಲಹಳ್ಳಿಗೆ ಹೆಪ್ಪು ಕೇಳಲು ಯಾರಾದರೂ ಬರುತ್ತಾರೆಯೇ? ಹುಡುಗಿ ಗಾಬರಿಯಿಂದ ಒಳಗೆ ಓಡಿದಳು. "ಎಷ್ಟು ಬೇಕಂತ ನಾನೇ ತೋರಸ್ತೀನಿ" ಎಂದು ಅತ್ತೆ ಅವಳ ಬೆನ್ನಿಗೇ ಅಡುಗೆಮನೆ ಹೊಕ್ಕಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಹುಡುಗಿ ಬಿಕ್ಕುವುದು ಕೇಳಿಸಿತು.

ಹೋಗಿ ನೋಡಿದರೆ ಗೋಡೆಗೆ ಸಾಲಾಗಿ ಐದು ಪಾತ್ರೆ. ಐದರಲ್ಲೂ ಮೊಸರು, ಹುಳಿ ವಾಸನೆ. ಮನೆಯಲ್ಲಿರುವವರು ತಾಯಿ ಮಗಳು ಇಬ್ಬರೇ.

"ಹೊರಗ ಎಮ್ಮಿ, ಒಳಗ ಕರಿ ಚಹಾ. ಆವಾಗೇ ಅನುಮಾನ ಬಂತು ನನಗ" ಎಂದಳು ಅತ್ತೆ. "ಇವರವ್ವಗ ಮರವು ಶುರುವಾಗೇದ ಬೇ. ಹೆಪ್ಪು ಹಾಕಿದ್ದು ಮರೀತಾಳ, ಇದ್ದ ಹಾಲಿಗೆಲ್ಲಾ ಮತ್ತ ಹಾಕ್ತಾಳ. ಒಲಿ ಹಚ್ಚಿದ್ದೂ ಮರೀತಾಳಂತ. ಈ ಕೂಸು ಬಿಟ್ಟು ಹ್ಯಾಂಗ ಬಂದೀತು?"

ಊರಿನವರು ಅವ್ವನನ್ನು ಹುಚ್ಚಿ ಎಂದಾರು ಎಂದು ಹೆದರಿ ಹುಡುಗಿ ಯಾರಿಗೂ ಹೇಳಿರಲಿಲ್ಲ. ನನ್ನ ಫಾರಮ್ಮಿನಲ್ಲಿ ಹೆಪ್ಪಿನ ಕಾಲಂ ಇರಲೇ ಇಲ್ಲ.

ಆ ವಾರವೇ ತಾಯಿಯನ್ನು ರಾಯಚೂರಿನ ಡಾಕ್ಟರಿಗೆ ತೋರಿಸಿದೆವು. ವಿಭಾಗದ ಮುಖ್ಯಸ್ಥರ ಮುಂದೆ ನಿಂತು ವಾದ ಮಾಡಿ, ಹುಡುಗಿಯ ಕ್ಷೇತ್ರಕಾರ್ಯವನ್ನು, ಹಾಜರಿಗೂ ಲೆಕ್ಕವಾಗುವ ಹಾಗೆ, ಜಾಲಹಳ್ಳಿಗೇ ಹಾಕಿಸಿದೆ. ಹಗಲು ತಾಯಿಯ ಜೊತೆ ಕೂರಲು ಪಕ್ಕದ ಮನೆಯವರು ಒಪ್ಪಿದರು. ಅವರನ್ನು ಹೇಗೆ ಒಪ್ಪಿಸಿದಿ ಎಂದರೆ, ಅವರ ಮನೆಗೂ ಹೆಪ್ಪು ಕೇಳಲು ಹೋಗಿದ್ದೆ ಎಂದಳು ಅತ್ತೆ! ಹುಡುಗಿ ಪರೀಕ್ಷೆಗೆ ಕಟ್ಟಿದಳು.

ಮುಂದಿನ ಆನ್‌ಲೈನ್ ಸಭೆಯಲ್ಲಿ ನನ್ನ ಸರದಿ. ಸಿದ್ಧಮಾಡಿದ್ದ ಭಾಷಣ ಬಿಟ್ಟು ಈ ಕಥೆಯನ್ನೇ ಹೇಳಿದೆ. ನ್ಯೂಜಿಲೆಂಡಿನ ಮೇಡಂ ಕೇಳಿದರು: "ನಿಮ್ಮ ಅತ್ತೆಗೆ ಇದನ್ನು ಕಲಿಸಿದವರು ಯಾರು?" ನಾನು ಹಿಂದಕ್ಕೆ ತಿರುಗಿ ಅತ್ತೆಯನ್ನೇ ಕೇಳಿದೆ.

"ಯಾಕ ಬೇಕಂತ ಅಕಿಗೆ?" ಎಂದಳು ಅತ್ತೆ. ಆಮೇಲೆ ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡಳು.

"ನನ್ನ ಮೊದಲನೇ ಕೂಸು ಹೋತಲ್ಲ, ಆವಾಗ ಎಲ್ಲಾರೂ ಬಂದ್ರು, ಅತ್ರು, ಹೋದ್ರು. ಆಮ್ಯಾಲ ಯಾರೂ ಬರಲಿಲ್ಲ. ನಾ ಒಲಿ ಹಚ್ಚೋದೇ ಬಿಟ್ಟಿದ್ದೆ. ಹಿಂದಿನ ಓಣಿ ಗೌರಮ್ಮ ಒಬ್ಬಾಕಿ ದಿನಾ ಈ ಬಟ್ಟಲಾ ಹಿಡಕೊಂಡು ಹೆಪ್ಪಿಗೆ ಬರ್ತಿದ್ಲು. ಇಲ್ಲ ಅಂದ್ರ, ನಾಳಿಗೆ ಬರ್ತೀನಿ ಅಂತಿದ್ಲು. ಅಕಿಗೆ ಕೊಡಬೇಕಲ್ಲ ಅಂತ ನಾ ಎದ್ದೆ, ಹಾಲು ಕಾಸಿದೆ. ತಿಂಗಳಾದ ಮ್ಯಾಲ ಅನುಮಾನ ಬಂತು, ಅಕಿ ಹಿಂದ ಹೋಗಿ ನೋಡಿದೆ. ಅಕಿ ಮನ್ಯಾಗ ಆಕಳೂ ಇದ್ದಿಲ್ಲ, ಎಮ್ಮೀನೂ ಇದ್ದಿಲ್ಲ. ಒಂದು ತೊಟ್ಟು ಹಾಲು ಇದ್ದಿಲ್ಲ ಬೇ. ಸಾಯೋ ಮುಂದ ಬಟ್ಟಲಾ ನನಗ ಕೊಟ್ಟು ಹೋದ್ಲು."

ನಾನು ಇಂಗ್ಲಿಷಿನಲ್ಲಿ ಹೇಳಲು ಬಾಯಿ ತೆರೆದೆ. ಕಣ್ಣು ತುಂಬಿ ಪರದೆಯೇ ಕಾಣಲಿಲ್ಲ. ಅತ್ತೆ ಕಪ್ಪು ಕನ್ನಡಕ ತೆಗೆದು ನನ್ನ ಮುಖ ದಿಟ್ಟಿಸಿದಳು.

"ಯಾಕ ಸುಮ್ನಾದಿ? ಗೌರಮ್ಮನ ಹೆಸರು ಮುಚ್ಚಿಡಾಕತ್ತೀಯೇನು? ಹೇಳು ಅವರಿಗೆ!"